ಮೇಷ್ಟ್ರ ಮೂಲ ಹೆಸರು

ಟೆಲೆಸ್ಫೋರ್ ಮೇಷ್ಟ್ರಿಗೆ ತಮ್ಮ ಹೆಸರೆಂದರೆ ಪ್ರಾಣ. ನದಿ ದಂಡೆಯ ಯಾಂಗೊಲೆ ಪಟ್ಟಣದಲ್ಲಿ ಜೋಸೆಫರು ಬುಟ್ಟಿಗಟ್ಟಲೆ ಇದ್ದರು, ಪಿಯೇರ್‌ಗಳು ದೋಣಿ ತುಂಬ ಇದ್ದರು. ಟೆಲೆಸ್ಫೋರ್ ಎಂದರೆ ಮಾತ್ರ ಅವರೊಬ್ಬರೇ. ಹುಡುಗನಾಗಿ ಮಿಷನ್ನಿಗೆ ಬಂದಾಗ ಬೆಲ್ಜಿಯಂ ದೇಶದ ಪಾದ್ರಿ ಪಂಚಾಂಗ ತೆರೆದು, ಆ ದಿನ ಯಾವ ಸಂತನ ಸರದಿಯೋ ಅವನ ಹೆಸರನ್ನೇ ನೀರಿನ ಜೊತೆ ತಲೆಯ ಮೇಲೆ ಸುರಿದಿದ್ದರು. ಆ ಸಂತ ಯಾರು, ಏನು ಮಾಡಿದ್ದ ಎಂಬುದು ಪಾದ್ರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೇಷ್ಟ್ರು ಮಾತ್ರ ಆ ಹೆಸರನ್ನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ತೊಟ್ಟುಕೊಂಡು ತಮ್ಮ ಆಯುಷ್ಯವೆಲ್ಲ ಓಡಾಡಿದ್ದರು. ಯಾರಾದರೂ ಸಲಿಗೆಯಿಂದ ‘ಟೆಲೆ’ ಎಂದರೆ ತಿರುಗಿ ಕೂಡ ನೋಡುತ್ತಿರಲಿಲ್ಲ.

ಅಂಥ ಹೆಸರಿಗೆ ರೇಡಿಯೊದಿಂದ ಸಂಚಕಾರ ಬಂತು.

ಮಾರ್ಗದರ್ಶಕರೆಂದು ಕರೆಸಿಕೊಳ್ಳುತ್ತಿದ್ದ ನಾಡಿನ ಅಧ್ಯಕ್ಷರ ಅಪ್ಪಣೆಯಾಗಿತ್ತು: ನಾವು ಇನ್ನು ಮೇಲೆ ನಾವಾಗಬೇಕು. ಬಿಳಿಯರು ಕೊಟ್ಟದ್ದನ್ನೆಲ್ಲ ಕಳಚಿಡಬೇಕು. ದೇಶ ಆಗಲೇ ಹಳೆಯ ಹೆಸರು ಬಿಟ್ಟು ಜಾಯೀರ್ ಆಗಿತ್ತು, ದುಡ್ಡೂ ಜಾಯೀರ್ ಆಗಿತ್ತು, ನದಿಯೂ ಜಾಯೀರ್ ಆಗಿತ್ತು. ನದಿಗೆ ಈ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲವಾದ್ದರಿಂದ ಅದು ಮೊದಲಿನ ಹಾಗೇ ಹರಿಯುತ್ತಿತ್ತು. ಈಗ ಜನರ ಸರದಿ. ಸಂತರ ಹೆಸರು ಬಿಟ್ಟು ಅಜ್ಜ ಮುತ್ತಜ್ಜರ ಕಾಲದ ಹೆಸರಿಗೆ ಮರಳಬೇಕು. ಟೈ ಕಟ್ಟಬಾರದು. ಒಬ್ಬರನ್ನೊಬ್ಬರು ಸಾಹೇಬರೇ, ಮೇಡಂ ಎನ್ನಬಾರದು. ಗಂಡಸಾಗಲಿ ಹೆಂಗಸಾಗಲಿ ‘ನಾಗರಿಕ’ ಎನ್ನಬೇಕು.

ಊರು ಒಂದು ವಾರ ತಬ್ಬಿಬ್ಬಾಯಿತು. ಮಾರುಕಟ್ಟೆಯಲ್ಲಿ ಕ್ವಾಂಗಾ ಎಂಬ ಮರಗೆಣಸಿನ ಕಡುಬು ಮಾರುವವಳು “ಬನ್ನಿ ನಾಗರಿಕ, ಬಿಸಿಬಿಸಿ ಇದೆ ನಾಗರಿಕ” ಎಂದು ಕೂಗುವುದನ್ನು ಕೇಳಿ, ಪೊಲೀಸಿನವರು ಬಂದರೇನೋ ಎಂದು ಕೆಲವರು ಓಡಿದ್ದೂ ಉಂಟು. ಮೇಷ್ಟ್ರ ಹೆಂಡತಿ ಯೂಫ್ರಾಸಿ ಮಾತ್ರ ಮೊದಲ ದಿನವೇ ಹೋಗಿ ತನ್ನ ಅಜ್ಜಿಯ ಹೆಸರು ಬರೆಸಿಕೊಂಡು ಬಂದಳು. ಎಯೆಂಗ. ಹಬ್ಬ ಎಂದು ಅರ್ಥ. “ಯೂಫ್ರಾಸಿ ಅನ್ನೋದನ್ನ ಬರೆಯೋಕೆ ಕಲಿಯೋಷ್ಟರಲ್ಲಿ ನಮ್ಮ ಶಾಲೆ ಮುಗಿದೇ ಹೋಗಿತ್ತು ರೀ, ಇದು ಸುಲಭ” ಎಂದು, ಬಾಣಲೆಗೆ ಹಿಟ್ಟಿನ ಉಂಡೆ ಬಿಡುತ್ತ, ಹೊಸ ಹೆಸರಿನಲ್ಲಿ ಮಿಕಾತೆ ಮಾರಲು ಕೂತಳು.

“ನಿಮ್ಮದೇನು?” ಎಂದು ಕೇಳಿದಳು ಗಂಡನನ್ನು.

“ನೆನಪಿಲ್ಲ,” ಎಂದರು ಮೇಷ್ಟ್ರು.

“ಹೆತ್ತವರಿಟ್ಟ ಹೆಸರು ಮರೆಯೋರುಂಟೇ?”

“ಚಿಕ್ಕವನಿದ್ದೆ. ಮರೆತೆ.”

ಸುಳ್ಳು. ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. ಅವರ ಹುಟ್ಟು ಹೆಸರು ಬೊಸೊತೊ. ಕೊಳೆ, ಕಸ, ಹೊಲಸು ಎಂದು ಅರ್ಥ. ನದಿಯ ಈ ತುದಿಯಿಂದ ಆ ತುದಿಯವರೆಗೆ, ರಾಜಧಾನಿಯ ಬೀದಿಯಲ್ಲೂ ಎಲ್ಲರಿಗೂ ಅರ್ಥವಾಗುವ ಮಾತು. ಮಿಷನ್ನಿನ ಮೆಟ್ಟಿಲ ಮೇಲೆ ಆ ಹೆಸರನ್ನು ಬಿಟ್ಟು ಒಳಗೆ ಹೋದವರು ಮತ್ತೆ ಹಿಂದಿರುಗಿ ನೋಡಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಶಾಲೆಯ ಸಂಗೀತದ ಮೇಷ್ಟ್ರು, ಇಗರ್ಜಿಯ ಗಾಯಕರನ್ನು ನಡೆಸುತ್ತಿದ್ದವರು, ಈಗ ಮಾರ್ಗದರ್ಶಕರ ಪಕ್ಷದ ಹಾಡು-ಕುಣಿತದ ತಂಡಕ್ಕೆ ನಾಯಕರು. ಕೆಲಸಕ್ಕೆ ಹೋಗುವವರೆಲ್ಲ ಬೆಳಿಗ್ಗೆ ಬಾವುಟದ ಕೆಳಗೆ ಇವರ ಹಾಡಿಗೆ ಕುಣಿಯಲೇಬೇಕಿತ್ತು. ಮೊದಲು ದೇವರನ್ನು ಹೊಗಳುತ್ತಿದ್ದ ರಾಗಕ್ಕೇ ಮಾರ್ಗದರ್ಶಕರ ಹೆಸರು ಸೇರಿಸಿ ಹಾಡಿಸುತ್ತಿದ್ದರು. ಮಾತ್ರೆಗಳು ಹೆಚ್ಚುಕಡಿಮೆ ಹೊಂದುತ್ತಿದ್ದವು. ಅಂಥವರು ಹೋಗಿ ‘ನನ್ನ ಹೆಸರು ಕಸ’ ಎನ್ನುವುದುಂಟೇ?

ಮೂರು ದಿನ ಯೋಚಿಸಿ ಒಂದು ಹೆಸರು ಆರಿಸಿದರು. ಮೊಕೊಂಜಿ ಯಾ ಎಬಾಲೆ. ನದಿಯ ದೊರೆ. ಕನ್ನಡಿಯ ಮುಂದೆ ನಿಂತು, ಕತ್ತಿನ ತನಕ ಗುಂಡಿ ಹಾಕುವ ಹೊಸ ಸರಕಾರಿ ಕೋಟು ತೊಟ್ಟು, ಆ ಹೆಸರನ್ನು ಮೆಲ್ಲಗೆ ಒಮ್ಮೆ, ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿದರು. ಟೈ ಇಲ್ಲದ ಕುತ್ತಿಗೆ ಬೋಳುಬೋಳು ಎನ್ನಿಸುತ್ತಿದ್ದುದು ಆ ಹೆಸರಿನಿಂದ ಸ್ವಲ್ಪ ತುಂಬಿಕೊಂಡ ಹಾಗಾಯಿತು.

ಆದರೆ ಪಕ್ಷದ ಸ್ಥಳೀಯ ಕಾರ್ಯದರ್ಶಿ ಲಿಕಿಂದ ಒಂದು ತೊಡಕು ಇಟ್ಟಿದ್ದ. ಈತ ಹಿಂದೆ ನೋರ್ಬೆರ್ ಆಗಿದ್ದಾಗ ಮೇಷ್ಟ್ರ ಶಿಷ್ಯ, ಮಗ್ಗಿ ತಪ್ಪಿ ಅವರ ಕೈಯಿಂದ ಕಿವಿ ಹಿಂಡಿಸಿಕೊಂಡವನು. ಈಗ ತನ್ನ ಮುತ್ತಜ್ಜ ಏಳು ಹಳ್ಳಿ ಆಳಿದ್ದನೆಂದು ಹೇಳಿಕೊಂಡು ಆ ಹೆಸರಿಟ್ಟುಕೊಂಡಿದ್ದ. “ಯಾರು ಬೇಕಾದರೂ ಬಂದು ರಾಜ ಮಹಾರಾಜ ಅಂತ ಬರೆಸಿಕೊಂಡು ಹೋಗೋ ಹಾಗಿಲ್ಲ. ವಂಶದ ಹಿರಿಯರೊಬ್ಬರು ಬಂದು ಸಾಕ್ಷಿ ಹೇಳಬೇಕು,” ಎಂದು ಕಚೇರಿಯ ಬಾಗಿಲಿಗೆ ಬರೆದು ಅಂಟಿಸಿದ್ದ.

ಊರಿನಲ್ಲಿ ಇದಕ್ಕೂ ದಾರಿಯಿತ್ತು. ಹೆಂಡ ಇಳಿಸುವ ಮುದುಕ ಲಿಸೆಂಡೆಗೆ ಒಂದು ಬಾಟಲಿ ಬಿಯರ್ ಕುಡಿಸಿದರೆ ಯಾರ ದೊಡ್ಡಪ್ಪನಾದರೂ ಆಗುತ್ತಿದ್ದ. ನೆರೆಮನೆಯ ಲೊಫೆಂಬೆ ಈ ಗುಟ್ಟು ಹೇಳಿದ. ಅವನು ಬಂದರಿನಲ್ಲಿ ಧ್ವನಿವರ್ಧಕದ ಮುಂದೆ ಕೂತು ಯಾವ ಹಡಗು ಬಂತು, ಯಾವುದು ಹೊರಟಿತು ಎಂದು ಕೂಗುವವನು. ಗುಟ್ಟು ಹೇಳುವಾಗಲೂ ಅದೇ ದನಿ.

“ಮೆಲ್ಲಗೆ ಮಾತಾಡೋ ಮಾರಾಯ,” ಎಂದರು ಮೇಷ್ಟ್ರು.

“ಮೆಲ್ಲಗೇ ಮಾತಾಡ್ತಿದೀನಲ್ಲ ಮೇಷ್ಟ್ರೇ!” ಎಂದು ಲೊಫೆಂಬೆ ಕೂಗಿದ. ಆಚೆ ಬೀದಿಯ ನಾಯಿ ಎದ್ದು ಕೂತಿತು.

ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಮುದುಕನನ್ನು ಕರೆದುಕೊಂಡು ಕಚೇರಿಯ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಲಿಸೆಂಡೆ ಎದೆಯುಬ್ಬಿಸಿ, “ಇವನು ನಮ್ಮಣ್ಣನ ಮಗ. ಇವನಜ್ಜ ನದಿಗೇ ದೊರೆ,” ಎಂದ.

ಲಿಕಿಂದ ಪೆನ್ನು ಕೆಳಗಿಟ್ಟ. “ಅಜ್ಜಾ, ಬೆಳಿಗ್ಗೆ ಬಂದ ಮಾಂಸದಂಗಡಿಯವನು ನಿನ್ನ ಅಕ್ಕನ ಮಗ ಅಂದೆ. ನಿನ್ನೆ ದರ್ಜಿ ನಿನ್ನ ತಂಗಿ ಮಗ. ಆ ದರ್ಜಿ ಕಟಾಂಗ ಕಡೆಯವನು, ಅವನ ಭಾಷೆ ನಿನಗೆ ಬರೋದೇ ಇಲ್ಲ.”

“ನಮ್ಮದು ದೊಡ್ಡ ವಂಶ ಕಣಪ್ಪ,” ಎಂದ ಮುದುಕ ಅಳುಕದೆ. “ತಾಳೆಮರ ಹತ್ತೋ ಜನ ನಾವು. ಮೇಲಿಂದ ನೋಡಿದರೆ ನೆಂಟರು ದೂರದೂರದವರೆಗೆ ಕಾಣ್ತಾರೆ.”

ಸಾಲಿನಲ್ಲಿದ್ದವರು ನಕ್ಕರು. ಲಿಕಿಂದನೂ ನಗುವುದರಲ್ಲಿದ್ದ, ಗೋಡೆಯ ಮೇಲಿದ್ದ ಮಾರ್ಗದರ್ಶಕರ ಪಟ ಕಣ್ಣಿಗೆ ಬಿದ್ದು ತಡೆದುಕೊಂಡ. ಹಳೆಯ ಗುರುಗಳ ಮುಖ ನೋಡಿ, ಆಗಲಿ ಎಂದು ಮೊಹರಿಗೆ ಕೈ ಹಾಕಿದ. ಇನ್ನೊಂದು ಕ್ಷಣ ಹೋಗಿದ್ದರೆ ಮೇಷ್ಟ್ರು ದೊರೆಯೇ ಆಗುತ್ತಿದ್ದರು.

ಅಷ್ಟರಲ್ಲಿ ಅಂಗಳದಿಂದ ಒಂದು ಕೂಗು ಕೇಳಿತು.

“ಬೊಸೊತೋ! ಲೋ ಬೊಸೊತೋ! ಎಲ್ಲಿದೀಯಲಾ ನನ್ ಕಸವೇ!”

ಮೇಷ್ಟ್ರು ಮುದುಕನ ಹಿಂದೆ ಸರಿದರು. ಆ ದನಿಯನ್ನು ಅವರು ಎಷ್ಟು ವರ್ಷವಾದರೂ ಮರೆಯುವಂತಿರಲಿಲ್ಲ. ಬೊಲುಂಬು ದೊಡ್ಡಮ್ಮ, ತಾಯಿಯ ಅಕ್ಕ. ಬೆನ್ನು ಬಾಗಿದ, ಕಿವಿ ಮಂದವಾದ ಮುದುಕಿ, ತಲೆಯ ಮೇಲೆ ಹೊಗೆ ಹಾಕಿದ ಮೀನಿನ ಬುಟ್ಟಿ ಹೊತ್ತು, ಸಾಲನ್ನೆಲ್ಲ ಮೊಣಕೈಯಿಂದ ಸೀಳಿಕೊಂಡು ಬರುತ್ತಿದ್ದಳು. ಅವಳ ಹಿಂದೆ, ಉಪಕಾರ ಮಾಡಿದ ಸಂತೋಷದಿಂದ ಮುಖವರಳಿಸಿಕೊಂಡು, ಎಯೆಂಗ.

“ನಿಮಗೆ ನೆನಪಿಲ್ಲ ಅಂದ್ರಲ್ಲ ರೀ, ಅದಕ್ಕೇ ಮೇಲಿನ ಊರಿನ ಹಡಗಿನವರ ಕೈಲಿ ಹೇಳಿ ಕಳಿಸಿದ್ದೆ. ನೋಡಿ, ಪಾಪ, ಈ ವಯಸ್ಸಲ್ಲಿ ಬಂದಿದ್ದಾರೆ!”

ದೊಡ್ಡಮ್ಮ ಮೇಷ್ಟ್ರ ಗಲ್ಲ ಹಿಡಿದು ಅಲ್ಲಾಡಿಸಿದಳು. “ಏನ್ಲಾ ಹಿಂಗೆ ಊದ್ಕೊಂಡಿದೀಯ? ಸ್ವಾಮಿ, ಇವನು ನನ್ ತಂಗಿ ಮಗ. ನನ್ ಕೈ ಮ್ಯಾಲೇ ಹುಟ್ಟಿದ್ದು. ಬೊಸೊತೊ ಅಂತ ಹೆಸರು. ಬರ್ಕೊಳಿ, ಬರ್ಕೊಳಿ.”

“ಇವರಿಗೆ ವಯಸ್ಸಾಗಿದೆ, ಯಾರನ್ನೋ ನೆನೆಸಿಕೊಂಡು...” ಎಂದು ಮೇಷ್ಟ್ರು ತೊದಲಿದರು.

“ಯಾರನ್ನೋ? ಬೆನ್ನ ಮ್ಯಾಲೆ ಮಚ್ಚೆ ಅದೆಯಾ ಇಲ್ವಾ, ಅಂಗಿ ಬಿಚ್ಚು!”

ಅಂಗಿ ಬಿಚ್ಚುವ ಪ್ರಸಂಗ ಬರಲಿಲ್ಲ. ಲಿಸೆಂಡೆ ಮುದುಕ ತನ್ನ ಟೋಪಿ ತೆಗೆದು, “ನನಗಿಂತ ಹತ್ತಿರದ ನೆಂಟರು ಬಂದರು, ನಾನಿನ್ನು ಬರ್ತೀನಿ,” ಎಂದು ನುಣುಚಿಕೊಂಡ. ಕಿವಿ ಹಿಂಡಿಸಿಕೊಂಡದ್ದು ಲಿಕಿಂದನಿಗೆ ಆ ಗಳಿಗೆಯಲ್ಲಿ ನೆನಪಾಯಿತೋ ಏನೋ, ‘ಬೊಸೊತೊ’ ಎಂದು ದುಂಡಗೆ ಬರೆದು, ಮೊಹರನ್ನು ಮೇಜು ಅದುರುವ ಹಾಗೆ ಒತ್ತಿದ.

“ಧನ್ಯವಾದ, ನಾಗರಿಕ ಕಸ,” ಎಂದು ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಆ ವಾರ ಮೇಷ್ಟ್ರು ಪಟ್ಟ ಪಾಡು ನಾಯಿಗೂ ಬೇಡ. ತರಗತಿಗೆ ಹೋದರೆ ಮಕ್ಕಳು ಎದ್ದು ನಿಂತು, ಕಾನೂನಿನ ಪ್ರಕಾರವೇ, ಒಟ್ಟಾಗಿ, “ನಮಸ್ಕಾರ ನಾಗರಿಕ ಬೊಸೊತೊ!” ಎನ್ನುತ್ತಿದ್ದರು. ಬೈಯುವಂತಿರಲಿಲ್ಲ, ಬೈದರೆ ನಾಡಿನ ಹೆಸರಿಗೇ ಬೈದಂತೆ. ಮಾರುಕಟ್ಟೆಯಲ್ಲಿ ಹೆಂಗಸರು ಎಯೆಂಗಳನ್ನು “ಏನಮ್ಮ, ನಿಮ್ಮನೆ ಕಸ ಗುಡಿಸಿ ಆಯ್ತಾ?” ಎಂದು ಕೇಳುತ್ತಿದ್ದರು. ಅವಳು ಮೊದಲೆರಡು ದಿನ ನಕ್ಕಳು, ಮೂರನೆಯ ದಿನ ಒಬ್ಬಳ ತಲೆಯ ಮೇಲೆ ಹಿಟ್ಟಿನ ಪಾತ್ರೆ ಕವುಚಿದಳು.

ಮೇಷ್ಟ್ರು ಹೆಂಡತಿಯೊಡನೆ ಮಾತು ಬಿಟ್ಟರು. ದೊಡ್ಡಮ್ಮನೊಡನೆ ಮಾತು ಬಿಡಲು ನೋಡಿದರು, ಆದರೆ ಕಿವಿ ಮಂದವಾದವರೊಡನೆ ಮಾತು ಬಿಟ್ಟರೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ಮುದುಕಿ ಅಂಗಳದ ಮಾವಿನಮರದ ಕೆಳಗೆ ಕೂತು ಮರಗೆಣಸಿನ ಸೊಪ್ಪು ಕುಟ್ಟುತ್ತ ತನ್ನ ಪಾಡಿಗೆ ತಾನು ಮಾತಾಡುತ್ತಿದ್ದಳು. ಭಾನುವಾರ ಮಧ್ಯಾಹ್ನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಹೋಗಿ ಅವಳ ಎದುರು ನಿಂತು, “ಅಲ್ಲ ದೊಡ್ಡಮ್ಮಾ, ಲೋಕದಲ್ಲಿ ಬೇರೆ ಹೆಸರು ಸಿಗಲಿಲ್ವಾ ನಮ್ಮಮ್ಮನಿಗೆ? ಮೊಕೊಂಜಿ ಅಂತ ಇಟ್ಟಿದ್ದರೆ ಅವಳ ಗಂಟೇನು ಹೋಗ್ತಿತ್ತು?” ಎಂದು ಗಟ್ಟಿಯಾಗಿ ಕೇಳಿದರು.

ದೊಡ್ಡಮ್ಮನ ಒನಕೆ ನಿಂತಿತು.

“ಮೊಕೊಂಜಿ ಅಂತ ಇಟ್ಟಿದ್ದಳಲ್ಲೋ.”

“ಯಾರಿಗೆ?”

“ನಿನ್ ಅಣ್ಣಂಗೆ. ಮೊದಲ್ನೋನು. ಒಂದು ಮಳೆಗಾಲ ಕಾಣಲಿಲ್ಲ. ಎರಡ್ನೇದು ಹೆಣ್ಣು, ಬೆಳದಿಂಗಳು ಅಂತ ಹೆಸರಿಟ್ರು. ಅದೂ ಹೋಯ್ತು. ಮೂರ್ನೇದಕ್ಕೂ ಏನೋ ಚಂದದ್ದೇ ಇಟ್ರು, ಹೆಸರು ಬಾಯಲ್ಲಿ ಕೂರೋಕೂ ಮುಂಚೆ ಹೋಯ್ತು. ನೀನು ಹುಟ್ದಾಗ ನಿಮ್ಮಮ್ಮ ಏನಂದ್ಲು ಗೊತ್ತಾ? ಅಕ್ಕಾ, ಸಾವು ಚಂದದ್ದನ್ನೇ ಆರಿಸ್ಕೊಂಡು ಹೋಗ್ತದೆ, ಇದನ್ನ ಚಂದ ಮಾಡಬ್ಯಾಡ ಅಂದ್ಲು. ನಾನೇ ನಿನ್ನ ತಗೊಂಡು ಹೋಗಿ ತಿಪ್ಪೆ ಮ್ಯಾಲೆ ಮಲಗಿಸ್ದೆ. ಪಕ್ಕದ ಮನೆಯೋಳು ಬಂದು, ಅಯ್ಯೋ ಇಲ್ಲೊಂದು ಕಸ ಬಿದ್ದದೆ, ಯಾರಿಗೂ ಬ್ಯಾಡವಾ ಅಂತ ಎತ್ಕೊಂಡ್ಲು. ನಿಮ್ಮಮ್ಮ ಅವಳಿಗೆ ಒಂದು ಕೋಳಿ ಕೊಟ್ಟು, ಆ ಕಸ ನಂಗಿರ್ಲಿ ಅಂತ ಇಸ್ಕೊಂಡ್ಲು. ಆಗ ನೋಡು, ಸಾವು ಬಾಗಿಲ ತಂಕ ಬಂದು ಹೆಸರು ಕೇಳ್ಕೊಂಡು ಮೂಗು ಮುಚ್ಕೊಂಡು ಹೋಯ್ತು.”

ಮೇಷ್ಟ್ರು ಅವಳ ಪಕ್ಕದಲ್ಲೇ ಕೆಳಗೆ ಕೂತರು. ಮಿಷನ್ನಿಗೆ ಹೊರಟ ದಿನ ತಾಯಿ ದೋಣಿಯ ಬಳಿ ಆ ಹೆಸರನ್ನೇ ಕೂಗಿ ಕೈಬೀಸಿದ್ದಳು. ನಾಚಿಕೆಯಾಗಿ ಅವರು ಬೇರೆ ಕಡೆ ನೋಡಿದ್ದರು. ಎಯೆಂಗ ಒಳಗಿನಿಂದ ಬಂದು ಏನೂ ಕೇಳದೆ ಒಂದು ತಟ್ಟೆ ಅನ್ನ, ಮೀನು ತಂದಿಟ್ಟಳು. ಆ ದಿನ ಗಂಡಹೆಂಡಿರ ಮಾತು ಮತ್ತೆ ಶುರುವಾಯಿತು.

ಅದೇ ಹೊತ್ತಿಗೆ ಊರಿಗೆ ದೊಡ್ಡ ಸುದ್ದಿ ಬಂತು. ರಾಜಧಾನಿಯಿಂದ ಮಾರ್ಗದರ್ಶಕರ ಪ್ರತಿನಿಧಿಯೊಬ್ಬರು ಹಡಗಿನಲ್ಲಿ ಬರುತ್ತಾರೆ. ಅವರ ಹೊಸ ಹೆಸರನ್ನು ಪೂರ್ತಿ ಹೇಳಲು ನಡುವೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಗಿತ್ತು. ಊರಿನವರು ಸುಮ್ಮನೆ ‘ದೊಡ್ಡ ನಾಗರಿಕರು’ ಎಂದರು. ಸ್ವಾಗತಕ್ಕೆ ಹಾಡು, ಕುಣಿತ. ತಂಡದ ನಾಯಕರು ಪಕ್ಷದ ಪರವಾಗಿ ಎರಡು ಮಾತಾಡಬೇಕು.

ಲಿಕಿಂದ ಬೆವರುತ್ತ ಮೇಷ್ಟ್ರ ಮನೆಗೆ ಓಡಿ ಬಂದ.

“ಗುರುಗಳೇ, ಜ್ವರ ಬರಿಸಿಕೊಳ್ಳೋಕಾಗುತ್ತಾ?”

“ಯಾಕಪ್ಪ?”

“ಕಾರ್ಯಕ್ರಮದಲ್ಲಿ ನಿಮ್ಮ ಹೆಸರು ಬರೆದು ಮೇಲಕ್ಕೆ ಕಳಿಸಿಬಿಟ್ಟಿದೀನಿ. ಪಕ್ಷದ ಪರವಾಗಿ ‘ಕಸ’ ಮಾತಾಡುತ್ತೆ ಅಂತ ಮೈಕಿನಲ್ಲಿ ಕೂಗಿದರೆ ನನ್ನ ಗತಿ? ನಿಮ್ಮ ಗತಿ?”

“ಹೆಸರು ಬದಲಾಯಿಸು.”

“ಮೊಹರಾಗಿದೆ! ಬದಲಾಯಿಸಿದರೆ ಮೊದಲು ಒತ್ತಿದ ಮೊಹರು ಸುಳ್ಳು ಅಂದ ಹಾಗಾಗುತ್ತೆ.”

“ಬೇರೆಯವರ ಕೈಲಿ ಹಾಡಿಸು.”

“ನಿಮ್ಮನ್ನು ಬಿಟ್ಟರೆ ಅವರನ್ನೆಲ್ಲ ಒಂದು ಶ್ರುತಿಗೆ ತರೋರು ಯಾರಿದ್ದಾರೆ?” ಎಂದು ಲಿಕಿಂದ ತಲೆಯ ಮೇಲೆ ಕೈ ಹೊತ್ತು ಕೂತ. ಅವನನ್ನು ನೋಡಿ ದೊಡ್ಡಮ್ಮ, “ಈ ಮಗೀಗೆ ಹೊಟ್ಟೆ ನೋವೇನೋ, ಕಷಾಯ ಕೊಡ್ಲಾ?” ಎಂದಳು.

ದೊಡ್ಡ ನಾಗರಿಕರು ಬಂದರು. ಬಂದರಿನ ಬಯಲೆಲ್ಲ ಜನ. ಹೆಂಗಸರು ಮಾರ್ಗದರ್ಶಕರ ಮುಖ ಅಚ್ಚಾದ ಹಸಿರು ಬಟ್ಟೆ ಉಟ್ಟಿದ್ದರು. ಹಾಡಾಯಿತು, ಕುಣಿತವಾಯಿತು, ತಮಟೆಯವರ ಕೈ ಕೆಂಪಾಯಿತು. ಧ್ವನಿವರ್ಧಕದ ಮುಂದೆ ಲೊಫೆಂಬೆ. ಹೆಸರನ್ನು ಬಾಯಲ್ಲೇ ನುಂಗಿ, ಕೇಳಿದರೂ ಕೇಳದ ಹಾಗೆ ಹೇಳು ಎಂದು ಲಿಕಿಂದ ಅವನಿಗೆ ಬೆಳಗಿನಿಂದ ಬುದ್ಧಿ ಹೇಳಿದ್ದ. ಆದರೆ ಹುಟ್ಟುಗುಣ ಸುಟ್ಟರೂ ಹೋದೀತೇ.

“ಈಗ! ಪಕ್ಷದ ಪರವಾಗಿ! ಈ ಊರಿನ ಪರವಾಗಿ! ನಮ್ಮೆಲ್ಲರ ಪರವಾಗಿ! ಬೊಸೊತೊ!”

ನದಿಯ ಆಚೆ ದಡಕ್ಕೆ ಬಡಿದು ಆ ಹೆಸರು ಇನ್ನೊಮ್ಮೆ ವಾಪಸು ಬಂತು.

ಆಮೇಲಿನ ಮೌನ ಯಾಂಗೊಲೆಯವರಿಗೆ ಇವತ್ತಿಗೂ ನೆನಪಿದೆ. ನಗು ಎಲ್ಲರ ಗಂಟಲ ತನಕ ಬಂದು ಕೂತಿತ್ತು. ನಕ್ಕವನು ಯಾರನ್ನು ನೋಡಿ ನಕ್ಕ? ಮೇಷ್ಟ್ರನ್ನೋ, ಪಕ್ಷವನ್ನೋ? ಈ ಪ್ರಶ್ನೆಗೆ ಉತ್ತರ ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಮಾಂಸದಂಗಡಿಯವನು ತನ್ನ ತೊಡೆಯನ್ನೇ ಚಿವುಟಿಕೊಂಡು ಕಣ್ಣೀರು ಹಾಕಿದ. ಒಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಆ ಸೆರಗಿನ ಮೇಲೆ ಯಾರ ಮುಖವಿದೆ ಎಂದು ನೆನಪಾಗಿ, ಗಾಬರಿಯಿಂದ ಹೊರಗೆಳೆದುಕೊಂಡಳು. ಬಂದೂಕು ಹಿಡಿದ ಪೊಲೀಸಿನವನ ಭುಜ ಕುಣಿಯುತ್ತಿತ್ತು. ಯಾರದೋ ಸೊಂಟದಲ್ಲಿದ್ದ ಕೂಸೊಂದು ಮಾತ್ರ ಕಿಲಕಿಲ ನಕ್ಕಿತು. ಅದರ ತಾಯಿ ಅಲ್ಲೇ ಮೂರ್ಛೆ ಹೋಗುವುದರಲ್ಲಿದ್ದಳು.

ದೊಡ್ಡ ನಾಗರಿಕರು ಕಪ್ಪು ಕನ್ನಡಕ ತೆಗೆದರು.

“ಏನೆಂದ ಅವನು?”

ಲಿಕಿಂದ ಕಾರ್ಯಕ್ರಮದ ಚೀಟಿಯನ್ನು ಬೆನ್ನ ಹಿಂದೆ ಅಡಗಿಸಿದ. ಮೇಷ್ಟ್ರು ತಾವೇ ಮುಂದೆ ಬಂದರು. ನಲವತ್ತು ವರ್ಷ ಹಾಡಿಸಿದ ಗಂಟಲಿನಲ್ಲೇ ಸ್ಪಷ್ಟವಾಗಿ ಹೇಳಿದರು.

“ಬೊಸೊತೊ ಅಂದ, ಸ್ವಾಮಿ... ಕ್ಷಮಿಸಿ, ನಾಗರಿಕರೇ. ಅದು ನನ್ನ ಹೆಸರು.”

“ತಮಾಷೆಯೋ?”

“ಅಲ್ಲ. ನನಗಿಂತ ಮುಂಚೆ ಮೂರು ಮಕ್ಕಳು ಹೋಗಿದ್ದವು. ಅವುಗಳಿಗೆಲ್ಲ ಒಳ್ಳೊಳ್ಳೆ ಹೆಸರಿತ್ತು. ಸಾವಿಗೆ ಹೇಸಿಗೆಯಾಗಲಿ ಅಂತ ನಮ್ಮಮ್ಮ ನನಗೆ ಇದನ್ನಿಟ್ಟಳು. ಹಿರಿಯರು ಕೊಟ್ಟ ಹೆಸರು ಇಟ್ಟುಕೊಳ್ಳಿ ಅಂತ ಅಪ್ಪಣೆಯಾಯಿತು. ನನಗೆ ಕೊಟ್ಟದ್ದು ಇದೇ.”

ದೊಡ್ಡ ನಾಗರಿಕರ ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಎದ್ದು ಲೊಫೆಂಬೆಯ ಕೈಯಿಂದ ಮೈಕು ಕಿತ್ತುಕೊಂಡರು. ಲಿಕಿಂದ ಕಣ್ಣು ಮುಚ್ಚಿದ.

“ನೋಡಿ ಇವನನ್ನು!” ಎಂದು ಗುಡುಗಿದರು. “ಈ ನಾಡಿನ ನಿಜವಾದ ಮಗ! ನಾನು ನದಿಯುದ್ದಕ್ಕೂ ಊರೂರು ನೋಡಿಕೊಂಡು ಬಂದಿದ್ದೇನೆ. ಎಲ್ಲಿ ನೋಡಿದರೂ ದೊರೆಗಳು! ಸಿಂಹಗಳು! ಚಿರತೆಗಳು! ಎಲ್ಲರ ಅಜ್ಜಂದಿರೂ ದೊರೆಗಳಾಗಿದ್ದರೆ ಮೀನು ಹಿಡಿದವರು ಯಾರು? ಇವನೊಬ್ಬ ಸುಳ್ಳು ಹೇಳಲಿಲ್ಲ. ಇಲ್ಲಿ ಎಷ್ಟು ಜನ ಸುಳ್ಳು ದೊರೆಗಳಿದ್ದೀರಿ? ಪರೀಕ್ಷೆ ಮಾಡಿಸುತ್ತೇನೆ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಬಯಲಿನಲ್ಲಿದ್ದ ಸಿಂಹ, ಚಿರತೆಗಳೆಲ್ಲ ತಲೆ ತಗ್ಗಿಸಿದವು. ದೊಡ್ಡ ನಾಗರಿಕರು ಮೇಷ್ಟ್ರ ಕೈ ಕುಲುಕಿ ಹಡಗು ಹತ್ತಿದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಾಗಿಲು ತೆಗೆದರೆ ಅಂಗಳದ ತುಂಬ ಜನ. ಅವರಿಗೆ ಬೇಕಾಗಿದ್ದದ್ದು ಮೇಷ್ಟ್ರಲ್ಲ, ದೊಡ್ಡಮ್ಮ.

“ಅಜ್ಜೀ, ನಮ್ಮಮ್ಮನೂ ನಿಮ್ಮ ಕಡೆಯವಳೇ. ನನಗೇನಾದರೂ ಕೆಟ್ಟ ಹೆಸರಿಟ್ಟಿದ್ದಳಾ, ನೆನಪು ಮಾಡಿಕೊಳ್ಳಿ!”

“ನಾನು ಹುಟ್ಟಿದಾಗ ಬಹಳ ಕರ್ರಗಿದ್ದೆನಂತೆ. ಮಸಿ ಅಂತ ಏನಾದರೂ?”

ಲೊಫೆಂಬೆಗೂ ಮಾಂಸದಂಗಡಿಯವನಿಗೂ ‘ಹಂದಿಮೂತಿ’ ಎಂಬ ಹೆಸರಿಗಾಗಿ ಕೈಕೈ ಮಿಲಾಯಿಸುವ ತನಕ ಹೋಯಿತು. “ಹಂದಿ ಕಡಿಯೋನು ನಾನು, ಹಂದಿಮೂತಿ ನನಗೇ ಸೇರಬೇಕು!” “ನನ್ನ ಮೂತಿ ನೋಡಿ ಹೇಳೋ, ಯಾರಿಗೆ ಒಪ್ಪುತ್ತೆ!” ಊರಿನಲ್ಲಿ ಇಂಥ ಮಾತು ಮೊದಲೆಲ್ಲ ಬೈಗುಳವಾಗಿತ್ತು. ಲಿಸೆಂಡೆ ಮುದುಕನ ವ್ಯಾಪಾರ ಮತ್ತೆ ಕುದುರಿತು. ಈಗ ಅವನು ತನ್ನ ವಂಶದವರೆಲ್ಲ ತಲೆತಲಾಂತರದಿಂದ ಕೈಲಾಗದವರು, ಹೇಸಿಗೆಯವರು ಎಂದು ಸಾಕ್ಷಿ ಹೇಳತೊಡಗಿದ. ಕೊನೆಗೆ, ಎಲ್ಲರೂ ಹೋದ ಮೇಲೆ, ಹಿತ್ತಲ ಬಾಗಿಲಿನಿಂದ ಲಿಕಿಂದ ಬಂದ.

“ದೊಡ್ಡಮ್ಮ, ನನಗೂ ಒಂದು...”

“ನಿಮ್ಮವ್ವನ್ನ ನಾನು ಕಂಡೇ ಇಲ್ವಲ್ಲಪ್ಪ.”

“ಕಂಡಿದ್ದರೆ ಏನು ಹೆಸರಿಡು ಅಂತಿದ್ದಿರಿ?”

ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಒಡಕು ಮಡಕೆ,” ಎಂದಳು. ಏಳು ಹಳ್ಳಿ ಆಳಿದವನ ಮರಿಮಗ ಆ ದಿನವೇ ಒಡಕು ಮಡಕೆಯಾಗಿ ಮೊಹರು ಒತ್ತಿಕೊಂಡ.

ಎರಡು ತಿಂಗಳು ಯಾಂಗೊಲೆ ಹೀಗೇ ನಡೆಯಿತು. ಹಡಗಿನಿಂದ ಇಳಿದ ಪರಸ್ಥಳದವರು, ಇಲ್ಲಿ ಜನ ಒಬ್ಬರನ್ನೊಬ್ಬರು ಎಷ್ಟು ಕೆಟ್ಟದಾಗಿ ಬೈದಾಡಿಕೊಂಡೂ ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದು ಬೆರಗಾಗಿ ಹೋಗುತ್ತಿದ್ದರು. ಮೇಷ್ಟ್ರನ್ನು ಮಾತ್ರ ಯಾರೂ ಹಾಸ್ಯ ಮಾಡುತ್ತಿರಲಿಲ್ಲ. ಊರಿನ ಹೊಲಸು ಹೆಸರುಗಳಲ್ಲಿ ಅವರದೊಂದೇ ಅಸಲಿ ಎಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರಿಗೂ ಅಷ್ಟರಲ್ಲಿ ಕಿವಿ ಒಗ್ಗಿತ್ತು. ಎಯೆಂಗ ಒಂದು ಸಂಜೆ ಸುಮ್ಮನೆ ರೇಗಿಸಲು “ಬೊಸೊತೊ, ಊಟಕ್ಕೆ ಬನ್ನಿ” ಎಂದು ಕರೆದರೆ, “ಬಂದೆ” ಎಂದು ಸಹಜವಾಗಿ ಓಗೊಟ್ಟು ತಾವೇ ಆಶ್ಚರ್ಯಪಟ್ಟರು.

ಆಮೇಲೆ ಒಂದು ದಿನ ರೇಡಿಯೊದಲ್ಲಿ ದೊಡ್ಡ ನಾಗರಿಕರ ಉದ್ದನೆಯ ಹೆಸರು ಬರುವುದು ನಿಂತುಹೋಯಿತು. ಏಕೆಂದು ಯಾರೂ ಕೇಳಲಿಲ್ಲ. ಹೆಸರು ನಿಂತರೆ ಮನುಷ್ಯ ಬಿದ್ದ ಎಂದೇ ಲೆಕ್ಕ. ಇಷ್ಟು ತಿಳಿಯಲು ಯಾವ ಶಾಲೆಯೂ ಬೇಕಿರಲಿಲ್ಲ. ಹಿಂದೆಯೇ ಹೊಸ ಅಪ್ಪಣೆ ಬಂತು: ಕೆಲವು ಕಡೆ ನಾಡಿಗೆ ಅವಮಾನವಾಗುವಂಥ ಕೀಳು ಹೆಸರುಗಳನ್ನು ಬೇಕೆಂದೇ ಇಟ್ಟುಕೊಂಡಿರುವುದು ಕಂಡುಬಂದಿದೆ. ಗಂಭೀರವಾದ, ಹೆಮ್ಮೆಯ ಹೆಸರುಗಳಿಗೆ ತಕ್ಷಣ ಮರಳತಕ್ಕದ್ದು.

ಲಿಕಿಂದ ಮೊಹರು ಹಿಡಿದು ಮನೆಮನೆಗೆ ಓಡಿದ. ಹಂದಿಮೂತಿ ಮತ್ತೆ ಸಿಂಹವಾಯಿತು, ಮಸಿ ಮತ್ತೆ ಚಿರತೆಯಾಯಿತು, ಒಡಕು ಮಡಕೆ ಮತ್ತೆ ಏಳು ಹಳ್ಳಿ ಆಳಿತು. ಸಂಜೆಯ ಹೊತ್ತಿಗೆ ಮೇಷ್ಟ್ರ ಮನೆ ತಲುಪಿದ.

“ಗುರುಗಳೇ, ನಿಮ್ಮ ಆಸೆ ಈಡೇರಿತು. ಮೊಕೊಂಜಿ ಯಾ ಎಬಾಲೆ! ಸಾಕ್ಷಿಯೂ ಬೇಡ, ಏನೂ ಬೇಡ. ಇಲ್ಲೇ ಒತ್ತುತೀನಿ.”

ಮೇಷ್ಟ್ರು ಆ ಹೆಸರನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡರು. ನದಿಯ ದೊರೆ. ಈಗಲೂ ಕೇಳಲು ಇಂಪಾಗಿಯೇ ಇತ್ತು.

“ಅದು ನಮ್ಮಣ್ಣನ ಹೆಸರು ಕಣಪ್ಪ,” ಎಂದರು ಕೊನೆಗೆ. “ಅವನ ಹತ್ತಿರ ಬೇರೇನೂ ಇಲ್ಲ. ಅದನ್ನೂ ನಾನು ಕಿತ್ತುಕೊಳ್ಳಲಾ?”

“ಬೇರೆ ಇಟ್ಟುಕೊಳ್ಳಿ! ಸಿಂಹ ಒಂದು ಖಾಲಿ ಇದೆ.”

“ಇರಲಿ ಬಿಡು. ನನ್ನದು ಹೀಗೇ ಇರಲಿ.”

“ಗುರುಗಳೇ, ಇದು ಆಟವಲ್ಲ. ನಿಮ್ಮನ್ನು ಒಳಗೆ ಹಾಕಿದರೆ?”

“ಏನಂತ ಹಾಕ್ತಾರೆ? ಮೊದಲ ಅಪ್ಪಣೆ ಪಾಲಿಸಿದ ಅಂತಲೇ? ನಿನ್ನ ಮೊಹರೇ ಇದೆಯಲ್ಲ.”

ಲಿಕಿಂದ ಮೊಹರನ್ನು ನೋಡಿದ, ಗುರುಗಳನ್ನು ನೋಡಿದ, ಹಣೆ ಒರೆಸಿಕೊಂಡ. ಒಳಗೊಳಗೇ ಏನೋ ಲೆಕ್ಕ ಹಾಕಿ, “ಹಾಗಿದ್ದರೆ ಒಂದು ಮಾತು,” ಎಂದ. “ನಿಮ್ಮ ಹೆಸರು ಮೈಕಿನಲ್ಲಿ ಬರಕೂಡದು. ತಂಡದ ನಾಯಕತ್ವ ಲೊಫೆಂಬೆಗೆ. ನೀವು ವೇದಿಕೆ ಹತ್ತೋ ಹಾಗಿಲ್ಲ, ಮೆರವಣಿಗೆಗೆ ಬರೋ ಹಾಗಿಲ್ಲ, ಬೆಳಗಿನ ಕುಣಿತಕ್ಕೂ ಸೇರೋ ಹಾಗಿಲ್ಲ. ಮೇಲಿನವರು ಬಂದಾಗ ಮನೇಲೇ ಇರಬೇಕು. ಇದು ಶಿಕ್ಷೆ, ತಿಳೀತಾ?”

“ತಿಳೀತು,” ಎಂದರು ಮೇಷ್ಟ್ರು, ಆದಷ್ಟು ದುಃಖದ ಮುಖ ಮಾಡಿಕೊಂಡು.

ಸೋಮವಾರ ಬೆಳಿಗ್ಗೆ ಕಚೇರಿಯ ಗುಮಾಸ್ತರು, ಬಂದರಿನ ಕೂಲಿಗಳು, ದಾದಿಯರು, ಶಾಲೆಯ ಉಳಿದ ಮೇಷ್ಟ್ರುಗಳು ಎಲ್ಲ ಬಾವುಟದ ಕೆಳಗೆ ಸೊಂಟ ತಿರುಗಿಸುತ್ತ ಮಾರ್ಗದರ್ಶಕರನ್ನು ಹೊಗಳುತ್ತಿದ್ದಾಗ, ಬೊಸೊತೊ ಮೇಷ್ಟ್ರು ತಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಎಯೆಂಗ ಬಾಣಲೆಯಿಂದ ಆಗತಾನೆ ತೆಗೆದ ಮಿಕಾತೆಯನ್ನು ತಟ್ಟೆಗೆ ಹಾಕಿ ಮುಂದಿಟ್ಟಳು. ಲೊಫೆಂಬೆಯ ದನಿ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಮೇಷ್ಟ್ರು ಮುಖ ಕಿವುಚಿದರು.

“ಯಾಕ್ಲಾ, ಬೇಜಾರಾ?” ಎಂದಳು ದೊಡ್ಡಮ್ಮ.

“ಸ್ವಲ್ಪ ಇದೆ ದೊಡ್ಡಮ್ಮ. ರಾಗ ಕೆಡಿಸ್ತಿದ್ದಾರೆ.”

ದೊಡ್ಡಮ್ಮನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ತಟ್ಟೆಯಿಂದ ಒಂದು ಮಿಕಾತೆ ಎತ್ತಿ ಅವರ ಕೈಗೆ ತುರುಕಿದಳು.

“ಕೆಟ್ಟರೆ ಕೆಡ್ಲಿ. ನೀನು ತಿನ್ನು, ಆರೋಯ್ತದೆ.”